ಸಿಸ್ಟರ್ ಹೇಳಬೇಕಾದ ಮಾತು

ತಿಲಕ್ ನಗರದಲ್ಲಿರುವ ನನ್ನ ಅತ್ತಿಗೆ ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡಿ ಎರಡು ವಾರವಾಗಿತ್ತು. ಫೋನ್ ಮಾಡಿದರೆ ದನಿಯಲ್ಲಿ ಶಕ್ತಿಯೇ ಇಲ್ಲ. ಏನು ತಿಂದರೂ ವಾಂತಿ. ವಿಚಾರಿಸಿದಾಗ ತಿಳಿಯಿತು, ಬೇಗ ಇಳಿಯಲಿ ಎಂದು ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕಾದುದನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಚುಚ್ಚಿಕೊಂಡು ಒಂದು ತಿಂಗಳ ಪೆನ್ನನ್ನು ಆಗಲೇ ಮುಗಿಸಿದ್ದರು.

"ಕ್ಲಿನಿಕ್‌ನಲ್ಲಿ ಏನೂ ಹೇಳಲಿಲ್ಲವೇ ಭಾಭಿ?"

"ಹೇಳಿದರು, ಅರ್ಥವಾಯಿತಾ ಅಂತ ಕೇಳಿದರು. ನಾನು ಹ್ಞೂಂ ಅಂದೆ."

ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ಜೂನ್‌ನಲ್ಲಿ ಭಾರತಕ್ಕೆ ಬಂದವು. 2026ರ ಮಾರ್ಚ್‌ನಲ್ಲಿ ವೆಗೋವಿಯಲ್ಲಿರುವ ಸೆಮಗ್ಲುಟೈಡ್‌ನ ಪೇಟೆಂಟ್ ಮುಗಿದ ಮೇಲೆ ಅಗ್ಗದ ಮದ್ದುಗಳೂ ಬಂದಿವೆ. ಇವು ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಬೊಜ್ಜಿನ ಕಾಯಿಲೆಗೆ ಒಳ್ಳೆಯ ಮದ್ದೇ, ಆದರೆ ಮದುವೆ ಸೀರೆಗಾಗಿ ತೆಗೆದುಕೊಳ್ಳುವಂಥದ್ದಲ್ಲ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದುಂಟು.

ಡಾಕ್ಟರ ಮುಂದೆ ಬಾಯಿ ಬಿಡದ ನಮ್ಮ ಹೆಂಗಸರು ಹೊರಗೆ ಬಂದು ಸಿಸ್ಟರ್ ಬಳಿ ಕೇಳುತ್ತಾರೆ. ಆದ್ದರಿಂದ ಮೊದಲು ಆಕೆಗೆ ಕಲಿಸಬೇಕು. ಮೌಂಜಾರೊ 2.5 ಮಿಲಿಗ್ರಾಂನಿಂದ ಆರಂಭವಾಗುವುದು ದೇಹ ಹೊಂದಿಕೊಳ್ಳಲೆಂದು. ನಾಲ್ಕು ವಾರದ ನಂತರವೇ 5. ಪೆನ್ ಫ್ರಿಜ್‌ನಲ್ಲಿರಬೇಕು, ಫ್ರೀಝರ್‌ನಲ್ಲಿ ಮಾಂಸದ ಪಕ್ಕದಲ್ಲಲ್ಲ. ವಾಂತಿಯೊಂದಿಗೆ ಬೆನ್ನಿಗೆ ಹಬ್ಬುವ ತೀವ್ರ ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಕಳುಹಿಸಬಾರದು, ಅದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. "ಅರ್ಥವಾಯಿತಾ" ಎಂದು ಕೇಳುವ ಬದಲು "ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀರಿ, ನೀವೇ ಹೇಳಿ" ಎನ್ನಬೇಕು. ತಿಲಕ್ ನಗರ, ಗುರಪ್ಪನಪಾಳ್ಯದಲ್ಲಿ ಅದನ್ನು ಉರ್ದುವಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತನ್ನು ಗಂಡ, ಅತ್ತೆಯ ಎದುರು ಕೇಳಲಾಗದು, ಪಕ್ಕಕ್ಕೆ ಕರೆದೇ ಕೇಳಬೇಕು. ಗರ್ಭಿಣಿಯರಿಗೆ ಈ ಮದ್ದು ಸಲ್ಲದು. ಮಗು ಬೇಕೆಂದಿದ್ದರೆ ವೆಗೋವಿಯನ್ನು ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಮೌಂಜಾರೊ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಆರಂಭಿಸಿದಾಗ ಮತ್ತು ಪ್ರತಿ ಬಾರಿ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೆ ವಿಧಾನ ಬೇಕು. ಪಿಸಿಒಡಿ ಇದೆ, ನನಗೆ ಮಗು ನಿಲ್ಲುವುದಿಲ್ಲ ಎಂದುಕೊಂಡವರಿಗೂ ತೂಕ ಇಳಿದಾಗ ಗರ್ಭ ನಿಲ್ಲುವುದುಂಟು.

ರಮಝಾನ್ ಬಗ್ಗೆಯೂ ಕೇಳಬೇಕು. ವಾಂತಿ, ಭೇದಿಯ ನಡುವೆ ಉಪವಾಸವಿದ್ದರೆ ದೇಹದ ನೀರು ಬತ್ತುತ್ತದೆ. ಜೊತೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವ ಭಯ. ತಿಂಗಳು ಹುಟ್ಟುವ ಮೊದಲೇ ಡಾಕ್ಟರನ್ನು ಕಾಣಬೇಕು.

ಅತ್ತಿಗೆಯನ್ನು ಮರುದಿನವೇ ಕರೆದೊಯ್ದೆ. ಡ್ರಿಪ್ ಹಾಕಿದರು. ಸಿಸ್ಟರ್ ಇಪ್ಪತ್ತೆರಡರ ಹುಡುಗಿ, ಪಾಪ. "ಪೆನ್ ಒತ್ತುವುದಷ್ಟೇ ನನಗೆ ತೋರಿಸಿದ್ದು ಆಪಾ" ಎಂದಳು. ಮಾತ್ರೆಯ ವಿಷಯ ಹೇಳಿದಾಗ ರಿಜಿಸ್ಟರ್‌ನ ಹಿಂಬದಿಯಲ್ಲಿ ಬರೆದುಕೊಂಡು, ಡಾಕ್ಟರನ್ನು ಕೇಳಲು ಒಳಗೆ ಹೋದಳು.