ಮಾವಿನ ಕಸಿಗಿಡ ನೆಡುವಾಗ

ಧಾರವಾಡ ಸೀಮೆಯಲ್ಲಿ ಆಪೂಸಿನ ಕಸಿಗಿಡ ನೆಡುವವರು 1 ಮೀಟರ್ ಆಳದ ಗುಂಡಿಗೆ ತೋರುವ ಕಾಳಜಿಯನ್ನು ಬೇರಿಗೆ ತೋರುವುದಿಲ್ಲವೆಂಬುದು ನಮ್ಮ ಅನಿಸಿಕೆ. ಸಸಿ ಸೊರಗುವುದು ಹೆಚ್ಚಾಗಿ ಅಲ್ಲಿಂದಲೇ. ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಕೂದಲೆಳೆಯಂಥ ಬೇರುಗಳು ಹರಿದರೆ ಆ ನೀರನ್ನು ಒದಗಿಸುವವರಾರು?

ಆದುದರಿಂದ ಚೀಲದ ಮಣ್ಣನ್ನು ಹಿಂದಿನ ದಿನವೇ ನೆನೆಸಿಡಬೇಕು. ಕಾಂಡ ಹಿಡಿದು ಎಳೆಯದೆ, ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆದು, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಗಳಿಂದ ಇಳಿಸಬೇಕು. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರುಗಳಿದ್ದರೆ ಅಷ್ಟನ್ನು ಮಾತ್ರ ಕತ್ತರಿಸುವುದು ಲೇಸು. ಎಳೆಯ ಕೆಂಪು ಚಿಗುರು ಹೊತ್ತ ಸಸಿಯನ್ನು, ಆ ಚಿಗುರು ಬಲಿತು ಹಸಿರಾಗುವವರೆಗೆ ನೆಡಲು ಅವಸರಿಸಬಾರದು. ಕಸಿಯ ಗಂಟು ನೆಲದಿಂದ ಅರ್ಧ ಅಡಿಯಷ್ಟು ಮೇಲಿರಲಿ. ಅದರ ಕೆಳಗೆ ಒಡೆಯುವ ಚಿಗುರು ಆಪೂಸಿನದಲ್ಲ, ಅಡಿಯ ನಾಟಿ ಮಾವಿನದು. ಬಿಟ್ಟರೆ ಕೊಟ್ಟ ಹಣವೂ ಕಾದ ವರ್ಷಗಳೂ ವ್ಯರ್ಥ.

ಮುಂಗಾರಿನ ಒಂದೆರಡು ಹದಮಳೆಯಾದ ಬಳಿಕ, ಸಂಜೆಯ ವೇಳೆ ನೆಟ್ಟು ಒಡನೆಯೇ ನೀರೆರೆಯುವುದು ಉತ್ತಮ. ಆಸರೆಗೆ ಕೋಲು ಬೇಕೇಬೇಕು. ಗಾಳಿಗೆ ಗಿಡ ತೊನೆದಾಗಲೆಲ್ಲ ಹೊಸ ಬೇರು ಹರಿಯುತ್ತದೆ. ಬುಡಕ್ಕೆ ಒಣಹುಲ್ಲು ಹೊದಿಸಿ, ಆದರೆ ಕಾಂಡಕ್ಕೆ ತಾಗದಿರಲಿ. ಮೊದಲ 2-3 ವರ್ಷಗಳಲ್ಲಿ ಹೂವು ಬಂದರೆ ಮನೆಯ ಮಕ್ಕಳು ಬೇಡವೆಂದರೂ ಚಿವುಟಿಬಿಡಿ.