ಗಾಡಿ ಹತ್ತುವ ಮೊದಲು ಚಕ್ರ ನೋಡಿ

ಆಯುಧಪೂಜೆಯ ದಿನ ನಮ್ಮ ಬೈಕು, ಸ್ಕೂಟರುಗಳಿಗೆ ಎಲ್ಲಿಲ್ಲದ ಮರ್ಯಾದೆ. ತೊಳೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಬಗ್ಗಿ ಕುಳಿತು ಟೈರನ್ನು ಹತ್ತಿರದಿಂದ ನೋಡುವುದು ವರ್ಷಕ್ಕೆ ಅದೊಂದೇ ಸಲ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಉಳಿದ ದಿನಗಳಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ನೋಡುತ್ತೇವೆ, ಸೀಟಿನ ಧೂಳು ಒರೆಸುತ್ತೇವೆ, ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಳ್ಳುತ್ತೇವೆ. ಟೈರಿನ ಕಡೆ ಮಾತ್ರ ಕಣ್ಣು ಹಾಯುವುದಿಲ್ಲ.

ಆ ಟೈರು ಹೊರುವ ಭಾರವನ್ನು ಸ್ವಲ್ಪ ಲೆಕ್ಕ ಹಾಕಿ. 110 ಕೆ.ಜಿ. ತೂಕದ ಬೈಕು, ಅದರ ಮೇಲೆ ಇಬ್ಬರು. ಒಟ್ಟು ಸುಮಾರು 240 ಕೆ.ಜಿ. ಅದರಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ. ಇಷ್ಟನ್ನೂ ಹೊತ್ತು ನಿಂತ ಟೈರು ರಸ್ತೆಗೆ ತಾಗುವ ಜಾಗ ನಮ್ಮ ಅಂಗೈಗಿಂತ ದೊಡ್ಡದಲ್ಲ. ಭಾರ ಹೊರುವುದೂ ನಿಜವಾಗಿ ರಬ್ಬರಲ್ಲ, ಅದರೊಳಗೆ ಒತ್ತಿ ತುಂಬಿದ ಗಾಳಿ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಟೈರುಗಳ ರೂಪ ಎಷ್ಟು ಬದಲಾದರೂ ನಾವು ಇಂದಿಗೂ ಕುಳಿತಿರುವುದು ಗಾಳಿಯ ಮೇಲೆಯೇ. ಗಾಳಿ ಹೋದರೆ ಬ್ರೇಕೂ ಇಲ್ಲ, ಹ್ಯಾಂಡಲ್ಲೂ ನಮ್ಮ ಮಾತು ಕೇಳುವುದಿಲ್ಲ.

ಗಾಳಿ ಕಳೆಯುವ ವಸ್ತುಗಳಿಗೆ ನಮ್ಮ ರಸ್ತೆಗಳಲ್ಲಿ ಬರವಿಲ್ಲ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಹಳ್ಳಿಯ ದಾರಿಯಲ್ಲಿ ಎತ್ತಿನ ಲಾಳದಿಂದ ಕಳಚಿದ ಮೊಳೆ, ಪಟ್ಟಣದಲ್ಲಿ ಕಟ್ಟಡ ಕೆಲಸದ ಮೊಳೆ, ತಂತಿಯ ತುಂಡು, ಒಡೆದ ಬಾಟಲಿಯ ಗಾಜು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2010ರ ದಶಕದಲ್ಲಿ ಎಂಜಿನಿಯರೊಬ್ಬರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಮೊಳೆ ಆರಿಸುತ್ತಾ ಓಡಾಡಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಅವರಿಗೆ ಸಿಕ್ಕ ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಬೇಕಾಗಿತ್ತು! ವಾಹನಗಳ ಗಾಳಿಗೆ ಇಂಥ ಕಸವೆಲ್ಲ ರಸ್ತೆಯ ಅಂಚಿಗೆ ಸರಿದು ಬೀಳುತ್ತದೆ. ದ್ವಿಚಕ್ರದವರು ಓಡಾಡುವುದೂ ಅಂಚಿನಲ್ಲೇ. ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಎದ್ದ ಮೊಳೆ ಹಿಂದಿನ ಚಕ್ರಕ್ಕೆ ನಾಟುತ್ತದೆ. ಹಿಂದಿನ ಟೈರು ಹೆಚ್ಚು ಪಂಕ್ಚರ್ ಆಗುವುದರ ಗುಟ್ಟು ಇದು.

ಮೊಳೆ ಹೊಕ್ಕ ಕೂಡಲೇ ಗಾಳಿ ಹೋಗಬೇಕೆಂದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಟೈರಿನಿಂದ ಕಿತ್ತ ಮೊಳೆಯ ತಲೆಯನ್ನು ಗಮನಿಸಿ. ಎಷ್ಟೋ ಸಲ ಅದು ರಸ್ತೆಗೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಎಂದರೆ ಅದು ಬಹಳ ದೂರದಿಂದ ನಮ್ಮೊಂದಿಗೇ ಪ್ರಯಾಣ ಮಾಡಿಕೊಂಡು ಬಂದಿದೆ. ಟ್ಯೂಬ್‌ಲೆಸ್ ಟೈರಿನಲ್ಲಿ ರಬ್ಬರು ಮೊಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಳಿ ಮೆಲ್ಲಗೆ ಸೋರುತ್ತದೆ. ಟ್ಯೂಬಿನ ಟೈರಿನಲ್ಲಿ ಹಾಗಲ್ಲ. ಟ್ಯೂಬು ತೂತಾದರೆ ಗಾಳಿ ಕಡ್ಡಿಗಳ ರಂಧ್ರಗಳಿಂದ, ವಾಲ್ವಿನ ಸಂದಿನಿಂದ ನುಗ್ಗಿ ಹೊರಬೀಳುತ್ತದೆ. ಸಿಕ್ಕಿಕೊಂಡ ಮುಳ್ಳು ಇನ್ನೂ ಟ್ಯೂಬಿಗೆ ತಾಗದಿರುವ ಹೊತ್ತಿನಲ್ಲೇ ಅದನ್ನು ಕಂಡು ತೆಗೆದರೆ ಬಚಾವು.

ಪರೀಕ್ಷೆಗೆ ಬೇಕಾದದ್ದು ಒಂದೆರಡು ನಿಮಿಷ. ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಚೈನಿನ ಹತ್ತಿರ ಬೆರಳು ಹೋಗದಿರಲಿ. ನಡು ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಸುಮಾರು 6 ಅಡಿ ಮುಂದಕ್ಕೆ ತಳ್ಳಿ. ಅಷ್ಟರಲ್ಲಿ ಒಂದು ಸುತ್ತು ಆಗಿರುತ್ತದೆ. ಬರಿಗೈಯಿಂದ ಸವರಬೇಡಿ, ಗಾಜಿನ ಚೂರು ಬೆರಳನ್ನೇ ಕೊಯ್ದೀತು. ಕಣ್ಣಿಂದ ನೋಡಿ, ಪಟ್ಟೆಗಳ ಸಂದಿನಲ್ಲಿ ಸಿಕ್ಕ ಕಲ್ಲು, ಚೂರುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಹುಷಾರಾಗಿ ಎಬ್ಬಿಸಿ. ಟೈರಿನ ಪಕ್ಕದಲ್ಲಿ ಉಬ್ಬು, ಸೀಳು, ಬಿರುಕು ಕಂಡರೆ ಅದು ಪಂಕ್ಚರಿಗಿಂತ ದೊಡ್ಡ ಸುದ್ದಿ. ಅಂಥ ಟೈರಿಗೆ ಪ್ಯಾಚು ಪರಿಹಾರವಲ್ಲ. ಬದಲಿಸಲೇಬೇಕು.

ಮೊಳೆ ಆಳಕ್ಕೆ ಇಳಿದಿದೆ ಎನ್ನಿಸಿದರೆ ಅವಸರದಿಂದ ಕೀಳಬೇಡಿ. ಅದರ ಬುಡಕ್ಕೆ ಸ್ವಲ್ಪ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಟ್ಯೂಬ್‌ಲೆಸ್ ಆದರೆ ಮೊಳೆಯನ್ನು ಹಾಗೆಯೇ ಬಿಟ್ಟು, ಗಾಳಿ ತುಂಬಿಸಿ, ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ಟ್ಯೂಬಿನದಾದರೆ, ಗಾಳಿ ಇಳಿದ ಮೇಲೆ ‘ಇಲ್ಲೇ ಹತ್ತಿರ’ ಎಂದು ಓಡಿಸಬೇಡಿ. ಟೈರಿನೊಳಗೆ ಟ್ಯೂಬು ಜಾರಿ ವಾಲ್ವಿನ ಬುಡವೇ ಹರಿಯುತ್ತದೆ. ಹತ್ತಾರು ರೂಪಾಯಿಯ ಪ್ಯಾಚಿನ ಕೆಲಸ ಹೊಸ ಟ್ಯೂಬಿನ ಖರ್ಚಾಗುತ್ತದೆ. ಪಂಕ್ಚರ್ ಹಾಕಿಸುವಾಗ ಇನ್ನೊಂದು ಮಾತು: ಟೈರಿನ ಒಳಗೆ ಬಟ್ಟೆಯ ಚೂರೊಂದನ್ನು ಸುತ್ತಲೂ ಸವರಿ ನೋಡಲು ಹೇಳಿ. ಮುಳ್ಳಿನ ತುದಿ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎರಡೇ ದಿನಕ್ಕೆ ಮತ್ತೆ ಅದೇ ಚಕ್ರ ಇಳಿಯಿತೆಂದು ಅಂಗಡಿಯವನನ್ನು ಬಯ್ಯುವವರು ಈ ಉಳಿದ ತುದಿಯನ್ನು ಮರೆತಿರುತ್ತಾರೆ.

ಇನ್ನು ಗಾಳಿಯ ಪ್ರಮಾಣ. ಕಾಲಿನಿಂದ ಒದ್ದು ನೋಡುವುದು, ಹೆಬ್ಬೆರಳಿನಿಂದ ಒತ್ತುವುದು ಹಳೆಯ ಅಭ್ಯಾಸ. ಬೈಕಿನ ಟೈರು ಅರ್ಧ ಗಾಳಿಯಲ್ಲೂ ಹೆಬ್ಬೆರಳಿಗೆ ಗಟ್ಟಿಯೇ! ಗೇಜಿನಿಂದಲೇ ಅಳೆಯಬೇಕು, ಅದೂ ಗಾಡಿ ಓಡಿಸುವ ಮೊದಲು. ಓಡಿದ ಟೈರು ಬಿಸಿಯಾಗಿ ಹೆಚ್ಚು ಗಾಳಿ ತೋರಿಸುತ್ತದೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತವೆ. ಬೇಸಿಗೆಯ ಮಧ್ಯಾಹ್ನ, ಕಾದ ಡಾಂಬರು, ಹಿಂದೆ ಭಾರ, ಜೊತೆಗೆ ವೇಗ. ಟೈರು ಒಡೆಯಲು ಇನ್ನೇನು ಬೇಕು?

ಓಡುವಾಗಲೇ ಗಾಳಿ ಇಳಿದರೆ ಗಾಡಿ ಬಾಲ ಅಲ್ಲಾಡಿಸತೊಡಗುತ್ತದೆ, ಇಲ್ಲವೇ ಹ್ಯಾಂಡಲ್ ಭಾರವಾಗಿ ಎಳೆಯುತ್ತದೆ. ಗಾಬರಿಯಿಂದ ಬ್ರೇಕು ಒತ್ತಬೇಡಿ. ಹ್ಯಾಂಡಲ್ಲನ್ನು ನೇರವಾಗಿ ಹಿಡಿದು, ಆಕ್ಸಿಲರೇಟರ್ ಇಳಿಸಿ, ವೇಗ ತಾನಾಗಿ ತಗ್ಗಲು ಬಿಡಿ. ಬ್ರೇಕು ಬೇಕೇಬೇಕೆನಿಸಿದರೆ ಗಾಳಿ ಇರುವ ಚಕ್ರದ್ದನ್ನು ಮಾತ್ರ ಮೆಲ್ಲಗೆ ಹಿಡಿಯಿರಿ. ಹಿಂದೆ ಕುಳಿತವರು ಮಿಸುಕಾಡಬಾರದು, ಜಿಗಿಯಲೂಬಾರದು. ಇದನ್ನು ಅವರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ನಮ್ಮ ಬೈಕುಗಳ ಹಿಂದೆ ಕೂರುವವರು ಯಾರು? ಹೆಂಡತಿ, ಅವಳ ಮಡಿಲಲ್ಲಿ ಮಗು, ಇಲ್ಲವೇ ಕಾಲೇಜಿಗೆ ಹೊರಟ ಮಗಳು. ಟೈರಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ನಾವು ನೋಡಿರುತ್ತೇವೆ ಎಂಬ ನಂಬಿಕೆಯ ಮೇಲೆ ಹತ್ತಿ ಕೂರುತ್ತಾರೆ. ನಾಳೆ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಬರುವಷ್ಟರಲ್ಲಿ ನೀವು ಎರಡು ಚಕ್ರಗಳನ್ನೂ ಒಂದು ಸುತ್ತು ನೋಡಿ ಮುಗಿಸಬಹುದು.