ಮನೆವಾರ್ತೆ: ಮೂಗು ಮುರಿದ ಪಟ್ಟದ ರಾಣಿ

ನವರಾತ್ರಿ ಹತ್ತಿರ ಬಂತು. ಅಟ್ಟದ ಮೇಲಿನ ಟ್ರಂಕು ಇಳಿಸಿ, ಹಳೇ ಸೀರೆಯ ಗಂಟು ಬಿಚ್ಚಿ, ಬೊಂಬೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುವ ಕಾಲ. ಹೋದ ವರ್ಷ ನೆಟ್ಟಗೇ ಇಟ್ಟಿದ್ದ ಬೊಂಬೆಗೆ ಈಗ ಕೈ ಬೇರೆ, ಮೈ ಬೇರೆ!

ಮುಳಬಾಗಿಲಿನ ಸೋದರಿಯೊಬ್ಬರು ಬರೆದಿದ್ದಾರೆ: “ಮದುವೆಯಲ್ಲಿ ತೌರಿನವರು ಕೊಟ್ಟ ರಕ್ತಚಂದನದ ಪಟ್ಟದ ಬೊಂಬೆಗಳು. ಅಮ್ಮ ಈಗಿಲ್ಲ. ಮಗ ತನ್ನ ಪ್ಲಾಸ್ಟಿಕ್ ವಿಮಾನ ಹಾರಿಸಲು ಹೋಗಿ ರಾಣಿಯನ್ನು ಕೆಡವಿದ. ರಾಣಿಯ ಮೂಗು ಹೋಯ್ತು, ವಿಮಾನದ ರೆಕ್ಕೆಯೂ ಬಿರುಕು ಬಿಡ್ತು. ‘ಊನವಾದದ್ದು ಪಟ್ಟಕ್ಕೆ ಬೇಡಮ್ಮ, ಕೆರೆಗೆ ಬಿಟ್ಟುಬಿಡು’ ಅಂತಾರೆ ಅತ್ತೆ. ನನಗೆ ಮನಸ್ಸು ಬರ್ತಿಲ್ಲ. ಹುಡುಗ ಎರಡು ದಿನದಿಂದ ನನ್ನ ಮುಖ ನೋಡ್ತಿಲ್ಲ. ಏನು ಮಾಡ್ಲಿ?”

ಕೆರೆಗೆ ಬಿಡಬೇಡಿ, ತಂಗಿ. ಅತ್ತೆಯವರಿಗೆ ಎದುರಾಡಲೂ ಬೇಡಿ. ಊನವಾದದ್ದು ಬೇಡ ಎಂದರೇ ಹೊರತು, ಊನ ಸರಿಮಾಡಬೇಡ ಎನ್ನಲಿಲ್ಲವಲ್ಲ!

ಮರದ ಬೊಂಬೆಗೆ ಬೇಕಾದ ಅಂಟು ನಮ್ಮ ಕೋಲಾರ ಸೀಮೆಯ ಅಡಿಗೆಮನೆಯಲ್ಲೇ ಇದೆ. ಹುಣಸೇಹಣ್ಣು ಬಿಡಿಸಿದ ಮೇಲೆ ಬೀಜ ಎಸೆಯುತ್ತೀರಿ ತಾನೆ? ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆ ಕುಶಲಿಗರು ಮರದ ಹೊಟ್ಟಿಗೆ ಹುಣಸೇಬೀಜದ ಅಂಟನ್ನೇ ಕಲಸುತ್ತಾರೆ. ಆ ಮುದ್ದೆಗೆ ‘ಕಿಟ್ಟ’ ಎಂದು ಹೆಸರು.

ಒಂದು ಹಿಡಿ ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪೆ ತೆಗೆಯಿರಿ. ಬಿಳಿ ಬೇಳೆಯನ್ನು ರಾತ್ರಿಯೆಲ್ಲ ನೆನೆಸಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿ. ಕೈ ಬಿಡದೆ ತಿರುವಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಬೇಕಾದಷ್ಟೇ ಮಾಡಿ, ಇಟ್ಟರೆ ಹುಳಿಯುತ್ತದೆ. ಗ್ರಂಧಿಗೆ ಅಂಗಡಿಯ ರಕ್ತಚಂದನದ ಪುಡಿಯನ್ನು ಇದಕ್ಕೆ ಕಲಸಿದರೆ ಬಣ್ಣವೂ ಹೊಂದುತ್ತದೆ.

ಮೂಗಿನ ಜಾಗದಲ್ಲಿರುವ ಹಳೇ ಎಣ್ಣೆ, ಕುಂಕುಮ ಒರೆಸಿ, ಉಪ್ಪುಕಾಗದದಿಂದ ಸ್ವಲ್ಪ ಒರಟು ಮಾಡಿ. ಜಿಡ್ಡಿದ್ದರೆ ಯಾವ ಅಂಟೂ ಹಿಡಿಯದು. ಒಂದೇ ಸಲ ಮೆತ್ತಬೇಡಿ. ದಪ್ಪಗೆ ಮೆತ್ತಿದರೆ ಹೊರಗೆ ಒಣಗಿ, ಒಳಗೆ ಹಸಿ ಉಳಿದು, ಆಮೇಲೆ ಬಿರಿಯುತ್ತದೆ. ದಿನಕ್ಕೊಂದು ತೆಳು ಪದರ ಸಾಕು. ಒಣಗಿದರೆ ಕುಗ್ಗುವುದರಿಂದ ಮೂಗು ತುಸು ದೊಡ್ಡದೇ ಇರಲಿ. ಪೂರ್ತಿ ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ತಿದ್ದಿ.

ಸುಟ್ಟ ಮಣ್ಣಿನ ಬೊಂಬೆಯ ಬಿರುಕಿಗೆ ಹಸಿ ಮಣ್ಣು ಮೆತ್ತಬೇಡಿ, ಒಣಗಿ ಉದುರಿಹೋಗುತ್ತದೆ. ಒಡೆದ ಹೆಂಚನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಅದೇ ಅಂಟಿಗೆ ಕಲಸಿ. ಮಾಲೂರಿನ ಅಕ್ಕತಂಗಿಯರಿಗೆ ಹೆಂಚಿಗೇನು ಬರ?

ಇನ್ನು ಹುಡುಗನ ವಿಮಾನ. ಪ್ಲಾಸ್ಟಿಕ್ ನೀರು ಹೀರುವುದಿಲ್ಲ, ಹುಣಸೇ ಅಂಟು ಒಣಗಿದೊಡನೆ ಸಿಪ್ಪೆಯಂತೆ ಏಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ-ಸೀಲ್‌ನಂಥ ಎರಡು ಉಂಡೆಯ ಪುಟ್ಟಿ ಸಿಗುತ್ತದೆ. ರೆಕ್ಕೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಒರಟು ಮಾಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಎರಡನ್ನೂ ಸಮವಾಗಿ ತೆಗೆದು, ಒಂದೇ ಬಣ್ಣ ಬರುವವರೆಗೆ ಚಪಾತಿ ಹಿಟ್ಟಿನಂತೆ ನಾದಿ. ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ತುಂಬಿದ ಮೇಲೆ ಬೆರಳ ತುದಿ ಒದ್ದೆ ಮಾಡಿ ಸವರಿ. ಮಾರನೆ ದಿನ ನೀರು ಹಚ್ಚಿದ ವಾಟರ್ ಪೇಪರ್‌ನಲ್ಲಿ ಉಜ್ಜಿದರೆ ಧೂಳೂ ಏಳದು.

ಗ್ಯಾರೇಜಿನವರು ಕಾರಿಗೆ ಹಚ್ಚುವ ಟ್ಯೂಬಿನ ಪುಟ್ಟಿಯಲ್ಲಿ ಥಿನ್ನರ್ ಇರುತ್ತದೆ. ದಪ್ಪಗೆ ಹಚ್ಚಿದರೆ ತೆಳು ಪ್ಲಾಸ್ಟಿಕ್ ಮೆತ್ತಗಾದೀತು, ಹುಷಾರು. ಬಕೆಟ್ಟಿನಂಥ ಮೆತು ಪ್ಲಾಸ್ಟಿಕ್ಕಿಗೆ ಇವು ಯಾವುವೂ ನಿಲ್ಲುವುದಿಲ್ಲ, ದುಡ್ಡು ದಂಡ ಮಾಡಬೇಡಿ.

“ಇಷ್ಟು ಸಣ್ಣ ಬಿರುಕಿಗೆ ಇಷ್ಟೆಲ್ಲ ಯಾಕೆ?” ಅನ್ನಬೇಡಿ. ಅಂಥ ವಿಮಾನಗಳು ಸಾಮಾನ್ಯವಾಗಿ ೭೨ರಲ್ಲಿ ೧ರ ಅಳತೆಯವು. ಒಂದು ಮಿಲಿಮೀಟರ್ ಬಿರುಕು ನಿಜವಾದ ವಿಮಾನದಲ್ಲಿ ೭ ಸೆಂಟಿಮೀಟರಿಗೂ ಹೆಚ್ಚು! ಹುಡುಗನಿಗೆ ಅದು ಕಾಣುತ್ತದೆ. ನಿಮಗೆ ರಾಣಿಯ ಮೂಗು ಕಾಣುವ ಹಾಗೆಯೇ.

ಆದ್ದರಿಂದ ತಂಗಿ, ಬೈದದ್ದು ಸಾಕು. ಪುಟ್ಟಿ ನೀವು ನಾದಿಕೊಡಿ, ರೆಕ್ಕೆ ಅವನೇ ಉಜ್ಜಲಿ. ಆಮೇಲೆ ರಾಣಿಯ ಮೂಗನ್ನೂ ಅವನ ಕೈಗೇ ಕೊಡಿ. ಕೈ ನಡುಗೀತು, ಪಕ್ಕದಲ್ಲಿ ಕೂತಿರಿ. ಪಟ್ಟಕ್ಕೆ ಕೂರಿಸುವ ದಿನ ರಾಣಿಗೆ ಮೊದಲ ಕುಂಕುಮ ಇಡಲು ಅತ್ತೆಯವರನ್ನೇ ಕರೆಯಿರಿ. ವಿಮಾನ ಕೆಳಗಿನ ಪಾರ್ಕಿನಲ್ಲಿ ರಾಗಿ ಪೈರಿನ ನಡುವೆ ನಿಲ್ಲಲಿ.

ಶ್ರೀನಿವಾಸಪುರದ ಕಡೆಯವರು ಮಾವಿನ ಮರದ ಹೊಟ್ಟಿನಲ್ಲಿ ಕಿಟ್ಟ ಕಲಸಿ ನೋಡಿ, ಹೇಗೆ ಬಂತೆಂದು ಬರೆಯಿರಿ.